ಕೊಕ್ಕೆಯಿರುವ ಅಕ್ಷರ

ಗಿರೆಸುನ್ನಿನ ಈ ಟಾಕೀಸಿನಲ್ಲಿ ಟಾರ್ಚು ಹಿಡಿದು
ಮೂವತ್ತೊಂದು ವರ್ಷ.
ಕತ್ತಲಲ್ಲಿ ಜನ ಏನೇನು ಮಾಡುತ್ತಾರೆಂದು
ನನ್ನನ್ನು ಕೇಳಿ.

ಸೂರ್ಯಕಾಂತಿ ಬೀಜ ಕಟಕಟ ಕಡಿದು
ಸಿಪ್ಪೆಯನ್ನು ಮುಂದಿನವನ ಕೋಟಿನ ಟೋಪಿಗೆ ಉಗಿದವರುಂಟು.
ನಾಯಕಿ ಕೊನೆಯುಸಿರೆಳೆಯುವಾಗ ಫೋನೆತ್ತಿ
'ಹ್ಞಾಂ, ಸಿನಿಮಾದಲ್ಲಿದ್ದೀನಿ, ಪರವಾಗಿಲ್ಲ ಹೇಳು,
ಮೀನು ಕಿಲೋ ಎಷ್ಟಂತೆ?' ಎಂದವರುಂಟು.
ಹಲ್ಲಿನ ಡಾಕ್ಟರು ರಿಫ್ಕಿ ಬೇ ಇದ್ದಾರಲ್ಲ,
ಎರಡನೇ ಸಲ ನೋಡಲು ಬಂದು
ಮುಂದೇನಾಗುತ್ತದೆಂದು ಹೆಂಡತಿಗೆ ಹೇಳುತ್ತಾರೆ,
ಹೆಂಡತಿಯ ಜೊತೆ ಆರು ಸಾಲಿಗೆ.
ಬೂಟು ಬಿಚ್ಚಿ ಮುಂದಿನ ಸೀಟಿನ ಮೇಲೆ
ಕಾಲು ಒಣಹಾಕುವವರ ಮಾತೇ ಬೇಡ.
ಟಾರ್ಚು ಬಿಡುತ್ತೇನೆ, ಕಾಲು ಇಳಿಯುತ್ತದೆ.
ತಿರುಗುತ್ತೇನೆ, ಏರುತ್ತದೆ.

ಆ ಶನಿವಾರ ಐದರ ಆಟಕ್ಕೆ
ಬೆಟ್ಟದ ಮೇಲಿನ ಊರಿಂದ ಮಿನಿಬಸ್ಸು ಹಿಡಿದು ಬಂದಳು ಫಾಹ್ರಿಯೆ.
ಹೊಸ ತಲೆವಸ್ತ್ರ, ಅಂಗಡಿಯ ಮಡಿಕೆ ಇನ್ನೂ ಮಾಸಿಲ್ಲ.
ಟಿಕೆಟ್ಟಿನ ಜೊತೆ ಇನ್ನೊಂದು ಚೀಟಿ ನನ್ನ ಟಾರ್ಚಿಗೊಡ್ಡಿದಳು:
'ನನ್ನ ಮಗ. ನೆಜ್ಮಿ ಚಾಕರ್.
ಇಸ್ತಾಂಬುಲಲ್ಲಿ ಸಿನಿಮಾದವರಿಗೆ ದೀಪ ಹಿಡೀತಾನೆ.
ಕೊನೇಲಿ ಹೆಸರು ಬರುತ್ತಂತೆ.
ನನಗೆ ಓದು ಬರಲ್ಲ ತಮ್ಮಾ, ಪಕ್ಕದ ಮನೆ ಹುಡುಗಿ ಬರೆದುಕೊಟ್ಟಳು.
ಇಗೋ, ಈ ಅಕ್ಷರದ ಕೆಳಗೆ ಕೊಕ್ಕೆ ಇದೆ ನೋಡು,
ಅದನ್ನ ಹಿಡಿದರೆ ಸಾಕು,
ಅವನು ಸಿಗ್ತಾನೆ.'

ಐದನೇ ಸಾಲು, ಓಣಿ ಪಕ್ಕದ ಸೀಟು.
ಕಥೆ ಅವಳಿಗೆ ಬೇಕಿರಲಿಲ್ಲ.
ನಾಯಕನ ಕೆನ್ನೆಗೆ ಕಿಟಕಿಯ ಬಿಸಿಲು ಬಿದ್ದಾಗ
ತಡೆಯಲಾರದೆ ಒಮ್ಮೆ, ಒಮ್ಮೆ ಮಾತ್ರ, ಗಟ್ಟಿಯಾಗಿ ಕೇಳಿದಳು:
'ಇದು ನಮ್ಮ ಹುಡುಗ ಹಿಡಿದದ್ದೇ?'

ಶ್‌ಶ್‌ಶ್!
ಇಡೀ ಟಾಕೀಸು. ಬೀಜದವರು, ಫೋನಿನವರು,
ಒಣಹಾಕಿದ ಕಾಲಿನವರು,
ಎಲ್ಲರಿಗಿಂತ ಜೋರಾಗಿ ರಿಫ್ಕಿ ಬೇ.
ತಲೆವಸ್ತ್ರದ ತುದಿ ಬಾಯಿಗೊತ್ತಿಕೊಂಡವಳು
ಮತ್ತೆ ತೆಗೆಯಲಿಲ್ಲ.

ಪರದೆ ಕಪ್ಪಾಗಿ ಹೆಸರುಗಳು ಏರತೊಡಗಿದವು.
ಎದ್ದರು. ಎದ್ದೇ ಎದ್ದರು.
ಕೋಟಿನ ತೋಳಿಗೆ ಕೈ ತೂರಿಸುವವರು, ಬಿದ್ದ ಕೈಗವಸು ಹುಡುಕುವವರು,
ನಿಂತಲ್ಲೇ ರಾತ್ರಿಯೂಟದ ತೀರ್ಮಾನ ಮಾಡುವವರು,
ಪರದೆಯುದ್ದಕ್ಕೂ ತಲೆಗಳ ಬೆಟ್ಟಸಾಲು.
ಅವಳು ಚೀಟಿ ಎತ್ತಿ ಹಿಡಿದು ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು,
ತುದಿಗಾಲಲ್ಲಿ ನಿಂತಳು. ಯಾರದೋ ಮೊಣಕೈ.
'ಸ್ವಲ್ಪ ಕೂತ್ಕೊಳ್ಳಿ, ಮಕ್ಕಳೇ, ಸ್ವಲ್ಪ...'

ಅವರನ್ನು ಬೈದು ಇಲ್ಲಿಗೇ ಮುಗಿಸಬಹುದಿತ್ತು.
ಆದರೆ ಸ್ವಿಚ್ಚು ನನ್ನ ಬೆರಳಲ್ಲಿತ್ತು.
ಮೂವತ್ತೊಂದು ವರ್ಷ ಪಳಗಿದ ಬೆರಳು, ನನ್ನನ್ನು ಕೇಳುವುದಿಲ್ಲ,
ಹೆಸರು ಏರಿದರೆ ದೀಪ ಹಾಕುತ್ತದೆ.
ಹಾಕಿತು.
ರಾಕಿಗೆ ನೀರು ಹುಯ್ದಂತೆ ಪರದೆ ಬೆಳ್ಳಗಾಯಿತು.

'ಬಂತಾ ತಮ್ಮಾ? ನೀನು ನೋಡಿದೆಯಾ?'
'ಬಂತು ಅಕ್ಕಾ. ದೊಡ್ಡದಾಗಿ ಬಂತು.'
ಏಳೂವರೆಗೆ ಕೊನೆಯ ಮಿನಿಬಸ್ಸು. ಹೋದಳು.
ಚೀಟಿ ಸೀಟಿನಡಿ ಉಳಿಯಿತು, ಸಿಪ್ಪೆಗಳ ನಡುವೆ.

ಒಂಬತ್ತರ ಆಟ ಮುಗಿದಾಗ ದೀಪ ಹಾಕಲಿಲ್ಲ ನಾನು.
ಎಡವಿದರು, ಬೈದರು, ನನ್ನ ಹೆತ್ತವಳ ತನಕ ಹೋದರು.
ಖಾಲಿ ಟಾಕೀಸಿನ ನಡುವೆ ನಿಂತು ಮೊದಲ ಸಲ ಓದಿದೆ:
ಬಡಗಿಗಳು, ಅಡುಗೆಯವರು, ಕುದುರೆ ಹಿಡಿದವನು,
ಮಳೆ ಬರಿಸಿದ ಇಬ್ಬರು,
ಕೊನೆಗೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅವನು.
ನೆಜ್ಮಿ ಜಾಕರ್.
ಟೈಪು ಮಾಡಿದವನು ಕೊಕ್ಕೆ ಹಾಕಿರಲಿಲ್ಲ.

ಎಲ್ಲರೂ ಕೂತಿದ್ದರೂ,
ಇಡೀ ಊರು ಉಸಿರು ಬಿಗಿಹಿಡಿದು ಕೂತಿದ್ದರೂ
ಅವಳಿಗೆ ಸಿಗುತ್ತಿರಲಿಲ್ಲ ಅವನು.
ಇದರಿಂದ ನನಗೆ ಸಮಾಧಾನವಾಗಬೇಕಿತ್ತು.

ಚೀಟಿಯನ್ನು ಟಾರ್ಚಿನೊಳಗೆ ಸೆಲ್ಲಿನ ಪಕ್ಕ ಮಡಿಸಿಟ್ಟಿದ್ದೇನೆ.
ಈಗ ಅದು ಸರಿಯಾಗಿ ಹತ್ತುವುದಿಲ್ಲ.
ಒಂದು ಕಾಲು ಇಳಿಸಲು
ಎರಡು ಸಲ ತಟ್ಟಬೇಕು.